ಜಿಪ್ಸಿ ಕಿಂಗ್‌ನ ನಾಲ್ಕು ಕಡೆಗೆ ಎರಡು ಎಣ್ಣೆ: ಗೇರ್ ಆಯಿಲ್ ಆರಿಸಿ ಬದಲಿಸಿದ ಕೆಲಸದ ದಾಖಲೆ

ಗಾಡಿ ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್, ಐದು ಗೇರ್. ಓಡಾಟ ಹೆಚ್ಚಾಗಿ ಬೆಂಗಳೂರಿನೊಳಗೆ, ನಡುನಡುವೆ ಸಕಲೇಶಪುರ, ಚಾರ್ಮಾಡಿ ಕಡೆಗೆ. ದೂರು ಮೂರು. ಚಳಿಗಾಲದ ಬೆಳಿಗ್ಗೆ ಗಾಡಿ ತೆಗೆದ ಮೊದಲ ಕೆಲವು ನಿಮಿಷ ಎರಡನೇ ಗೇರ್ ಸುಲಭಕ್ಕೆ ಬೀಳುವುದಿಲ್ಲ, ಒತ್ತಿ ಹಾಕಿದರೆ ಕರ್ರ್ ಅನ್ನುತ್ತದೆ. ವೇಗ 60 ದಾಟಿದರೆ ಹಿಂದಿನಿಂದ ಊಳಿಡುವ ಸದ್ದು. ಎಡ ಹಿಂಚಕ್ರದ ಒಳಮೈಯಲ್ಲಿ ಎಣ್ಣೆಯ ಜಿಡ್ಡು. ಮೂರಕ್ಕೂ ಎಣ್ಣೆಯೇ ಕಾರಣ ಅಂತ ಬಿಚ್ಚುವ ಮೊದಲೇ ಹೇಳಲಾಗದು. ಆದರೆ ಒಳಗಿರುವ ಎಣ್ಣೆ ಯಾವುದು, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯದೆ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಹೋಗುವುದು ದುಡ್ಡು ದಂಡ.

ಎಣ್ಣೆಯ ಗ್ರೇಡ್ ಅರ್ಥ ಮಾಡಿಕೊಳ್ಳಲು ಜಿಪ್ಸಿಗಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ. ಇದರಲ್ಲಿ ಗೇರ್ ಎಣ್ಣೆ ಬೀಳುವ ಜಾಗ ನಾಲ್ಕು: ಗೇರ್‌ಬಾಕ್ಸ್, ಅದರಿಂದ ಬೇರೆಯಾಗಿ ಚಾಸಿಗೆ ರಬ್ಬರ್ ಮೌಂಟಿನಲ್ಲಿ ಕೂತು ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಈ ಕೊನೆಯ ಎರಡಕ್ಕೆ ಗ್ಯಾರೇಜಿನ ಮಾತಲ್ಲಿ ಹೌಸಿಂಗ್. ನಾಲ್ಕರಲ್ಲೂ ಒಂದೇ ಎಣ್ಣೆ ಹಾಕಿ ಕಳಿಸುವ ರೂಢಿ ಊರಲ್ಲಿ ವ್ಯಾಪಕವಾಗಿದೆ. ಈ ಗಾಡಿಯಲ್ಲೂ ಹಾಗೇ ಆಗಿತ್ತು.

ಡಬ್ಬಿಯ ಮೇಲಿನ ಎರಡು ಸಂಖ್ಯೆ

ಗೇರ್ ಎಣ್ಣೆ ಕೊಳ್ಳುವಾಗ ಎರಡು ಪ್ರಶ್ನೆ ಕೇಳಬೇಕು, ಒಂದಕ್ಕೊಂದು ಸಂಬಂಧವಿಲ್ಲ. ಎಣ್ಣೆ ಎಷ್ಟು ಮಂದ ಅನ್ನುವುದಕ್ಕೆ ಉತ್ತರ ಎಸ್‌ಎಇ ಸಂಖ್ಯೆ. ಹಲ್ಲಿನ ಮೇಲೆ ಒತ್ತಡ ಬಿದ್ದಾಗ ಕಾಪಾಡುವ ರಾಸಾಯನಿಕ ಯಾವ ಮಟ್ಟದ್ದು ಅನ್ನುವುದಕ್ಕೆ ಉತ್ತರ ಎಪಿಐ ಜಿಎಲ್ ಸಂಖ್ಯೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ‘ಅಣ್ಣ, ಒಂದು ಲೀಟರ್ ನೈಂಟಿ ಆಯಿಲ್ ಕೊಡಿ’ ಅಂದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಿದ ಹಾಗಾಯಿತು. ಎರಡನೆಯದನ್ನು ಅವರ ಕೈಗೆ ಯಾವ ಡಬ್ಬಿ ಹತ್ತಿರವಿದೆಯೋ ಅದು ತೀರ್ಮಾನಿಸುತ್ತದೆ.

ಮಂದತನದ ಅಳತೆ ಎಸ್‌ಎಇ ಜೆ306 ಅನ್ನುವ ಮಾನದಂಡದಲ್ಲಿದೆ. 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಎಣ್ಣೆಯ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಲೆಕ್ಕದಲ್ಲಿ ಅಳೆಯುತ್ತಾರೆ. 7ರಿಂದ 11ರ ಒಳಗಿದ್ದರೆ 80, 11ರಿಂದ 13.5 ಇದ್ದರೆ 85, 13.5ರಿಂದ 18.5 ಇದ್ದರೆ 90, ಅಲ್ಲಿಂದ 24ರವರೆಗೆ 110, 24ರಿಂದ 32.5ರವರೆಗೆ 140. ಈ 110 ಅನ್ನುವ ಮೆಟ್ಟಿಲು 2005ರ ಪರಿಷ್ಕರಣೆಯಲ್ಲಿ ಬಂದದ್ದು. ಅದಕ್ಕೂ ಮೊದಲು 90 ಅನ್ನುವ ಹೆಸರಿನಡಿ 13.5ರಿಂದ 24ರವರೆಗಿನ ಎಲ್ಲ ಎಣ್ಣೆಯೂ ನಡೆಯುತ್ತಿತ್ತು. ಹಳೇ ಮೆಕ್ಯಾನಿಕ್‌ಗಳು ‘ಆಗಿನ ನೈಂಟಿ ಗಟ್ಟಿ ಇತ್ತು’ ಅಂದರೆ ಅದನ್ನು ತಳ್ಳಿಹಾಕಬೇಡಿ.

ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಎಂಜಿನ್ ಎಣ್ಣೆ 40, ಗೇರ್ ಎಣ್ಣೆ 90, ಆದ್ದರಿಂದ ಗೇರ್ ಎಣ್ಣೆ ಎರಡು ಪಟ್ಟು ಮಂದ ಅಂತ ಬಹಳ ಮಂದಿ ನಂಬಿದ್ದಾರೆ. ಎಂಜಿನ್ ಎಣ್ಣೆಯ ಅಳತೆಗೋಲು ಜೆ300, ಬೇರೆಯದೇ. ಅದರ 40 ಅಂದರೆ 100 ಡಿಗ್ರಿಯಲ್ಲಿ 12.5ರಿಂದ 16.3, 50 ಅಂದರೆ 16.3ರಿಂದ 21.9. ಅಂದರೆ ಗೇರಿನ 90 ಕೂರುವುದು ಎಂಜಿನ್ನಿನ 40 ಮತ್ತು 50ರ ವ್ಯಾಪ್ತಿಯೊಳಗೇ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಇಪಿ (ವಿಪರೀತ ಒತ್ತಡ ತಡೆಯುವ) 220, ಇಪಿ 320 ಡಬ್ಬಿಗಳದ್ದು ಮೂರನೆಯ ಅಳತೆ, ಐಎಸ್‌ಒ ವಿಜಿ. ಅದನ್ನು 40 ಡಿಗ್ರಿಯಲ್ಲಿ ಅಳೆಯುತ್ತಾರೆ. ವಿಜಿ 220 ಅನ್ನುವುದು ಗೇರಿನ 140ಕ್ಕಿಂತ ಮಂದ ಅಲ್ಲ, 90ರ ಆಸುಪಾಸಿನದು. ಮೂರು ಅಳತೆಯ ಸಂಖ್ಯೆಗಳನ್ನು ಒಂದೇ ಸಾಲಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪುವುದು ಖಂಡಿತ.

ಇನ್ನು 80ಡಬ್ಲ್ಯೂ-90 ಥರದ ಹೆಸರಿನಲ್ಲಿರುವ ಡಬ್ಲ್ಯೂ. ಚಳಿಯಲ್ಲಿ ಎಣ್ಣೆ 1,50,000 ಸೆಂಟಿಪಾಯ್ಸ್‌ನಷ್ಟು ಗಟ್ಟಿಯಾಗುವ ಮೊದಲು ಎಷ್ಟು ಕೆಳಗಿನ ಉಷ್ಣಾಂಶ ತಡೆಯುತ್ತದೆ ಅನ್ನುವುದರ ಗುರುತು ಅದು. 75ಡಬ್ಲ್ಯೂಗೆ ಮೈನಸ್ 40 ಡಿಗ್ರಿ, 80ಡಬ್ಲ್ಯೂಗೆ ಮೈನಸ್ 26, 85ಡಬ್ಲ್ಯೂಗೆ ಮೈನಸ್ 12. ಬೆಂಗಳೂರಲ್ಲಿ ಡಿಸೆಂಬರ್-ಜನವರಿಯ ಬೆಳಗು 14-15 ಡಿಗ್ರಿ. ಹಾಗಾದರೆ ನಮಗೆ ಡಬ್ಲ್ಯೂ ಲೆಕ್ಕಕ್ಕಿಲ್ಲ ಅಂತ ಬಿಡಬಹುದೇ? ಹೌಸಿಂಗಿನ ಮಟ್ಟಿಗೆ ಬಿಡಬಹುದು, ಗೇರ್‌ಬಾಕ್ಸಿಗೆ ಬಿಡಲಾಗದು. ಮಾಹಿತಿ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳನ್ನು ಇಟ್ಟುಕೊಂಡು ಎಎಸ್‌ಟಿಎಂ ಡಿ341 ಸೂತ್ರದಲ್ಲಿ 15 ಡಿಗ್ರಿಗೆ ಲೆಕ್ಕ ಹಾಕಿ ನೋಡಿದೆವು. 40 ಡಿಗ್ರಿಯಲ್ಲಿ 145, 100ರಲ್ಲಿ 14.5 ಇರುವ ಮಿನರಲ್ 80ಡಬ್ಲ್ಯೂ-90, 15 ಡಿಗ್ರಿಯಲ್ಲಿ ಸುಮಾರು 760 ಸೆಂಟಿಸ್ಟೋಕ್ ಆಗುತ್ತದೆ. 40ರಲ್ಲಿ 100, 100ರಲ್ಲಿ 15 ಇರುವ ಸಿಂಥೆಟಿಕ್ 75ಡಬ್ಲ್ಯೂ-90 ಸುಮಾರು 360. 40ರಲ್ಲಿ 350, 100ರಲ್ಲಿ 26 ಇರುವ 85ಡಬ್ಲ್ಯೂ-140 ಮಾತ್ರ 2,200 ದಾಟುತ್ತದೆ. ಬಿಸಿಯಾದ ಮೇಲೆ ಮೊದಲೆರಡೂ ಒಂದೇ ‘90’, ಬೆಳಗಿನ ಚಳಿಯಲ್ಲಿ ಒಂದು ಇನ್ನೊಂದರ ಎರಡು ಪಟ್ಟು ಮಂದ. 140 ಆದರೆ ಆರು ಪಟ್ಟು. ಎರಡನೇ ಗೇರ್ ಬೆಳಿಗ್ಗೆ ಮಾತ್ರ ತಕರಾರು ಮಾಡುವ ಗಾಡಿಗೆ ಈ ಲೆಕ್ಕ ತುಂಬಾ ಮುಖ್ಯ.

ಜಿಎಲ್-4, ಜಿಎಲ್-5: ಜಗಳ ಎಲ್ಲಿ

ಡಿಫರೆನ್ಷಿಯಲ್‌ನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕದು) ಹೈಪಾಯ್ಡ್ ಜಾತಿಯವು. ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗೆ ಸೇರದೆ ಅದರ ಕೆಳಗೆ ಹಾಯುತ್ತದೆ. ಇದರಿಂದ ಹಲ್ಲು ಹಲ್ಲಿನ ಮೇಲೆ ಬರೀ ಉರುಳುವುದಿಲ್ಲ, ಉದ್ದಕ್ಕೂ ಜಾರಿ ಉಜ್ಜುತ್ತದೆ. ಭಾರ ಬಿದ್ದಾಗ ಎಣ್ಣೆಯ ಪೊರೆ ಒರೆಸಿಹೋಗುತ್ತದೆ. ಆ ಕ್ಷಣಕ್ಕೆ ಬೇಕಾದ್ದು ಗಂಧಕ-ರಂಜಕದ ಇಪಿ ರಾಸಾಯನಿಕ. ಹಲ್ಲಿನ ಮೈ ಬಿಸಿಯಾದ ಕಡೆ ಅದು ಉಕ್ಕಿನ ಜೊತೆ ಕೂಡಿ ತೆಳುವಾದ ಪದರ ಕಟ್ಟುತ್ತದೆ. ಸವೆಯುವುದು ಆ ಪದರ, ಹಲ್ಲಲ್ಲ. ಜಿಎಲ್-5 ಅಂದರೆ ಈ ರಾಸಾಯನಿಕ ಪೂರ್ತಿ ಪ್ರಮಾಣದಲ್ಲಿರುವ ಎಣ್ಣೆ. ಅದು ದೊಡ್ಡ ಭಾರದ ಎಲ್-37, ಧಕ್ಕೆಯ ಎಲ್-42, ನೀರು ಸೇರಿದರೆ ತುಕ್ಕು ಹಿಡಿಯುತ್ತದೆಯೇ ಅಂತ ನೋಡುವ ಎಲ್-33, ಬಿಸಿಗೆ ಕೆಡುತ್ತದೆಯೇ ಅಂತ ನೋಡುವ ಎಲ್-60 ಪರೀಕ್ಷೆಗಳನ್ನು ದಾಟಿರಬೇಕು. ಜಿಎಲ್-4ರಲ್ಲಿ ಇಪಿ ರಾಸಾಯನಿಕ ಹೆಚ್ಚುಕಡಿಮೆ ಅರ್ಧ. ಹೈಪಾಯ್ಡ್ ಹೌಸಿಂಗಿಗೆ ಅದು ಸಾಲದು, ಘಾಟಿಯಲ್ಲಿ ಭಾರ ಎಳೆದರೆ ಹಲ್ಲಿನ ಮೈಯಲ್ಲಿ ಗೀರು ಬೀಳುತ್ತದೆ.

ಗೇರ್‌ಬಾಕ್ಸಿನ ಕಥೆ ಬೇರೆ. ಅಲ್ಲಿನ ಹೆಲಿಕಲ್ ಹಲ್ಲುಗಳಿಗೆ ಜಿಎಲ್-4 ಧಾರಾಳ ಸಾಕು. ಅಲ್ಲಿ ನೋಡಿಕೊಳ್ಳಬೇಕಾದ್ದು ಸಿಂಕ್ರೊ ರಿಂಗನ್ನು. ಗೇರ್ ಹಾಕುವಾಗ ಈ ಹಿತ್ತಾಳೆ ರಿಂಗ್ ಗೇರಿನ ಶಂಕುವಿನ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಒಂದು ಮಾಡಬೇಕು. ಅದರ ಒಳಮೈಯಲ್ಲಿ ಇರುವ ಸಣ್ಣ ಗೀರುಗಳ ಕೆಲಸ ಎಣ್ಣೆಯನ್ನು ಒರೆಸಿ ಹಿಡಿತ ಕೊಡುವುದು. ಎಣ್ಣೆ ತೀರಾ ಮಂದವಾದರೆ ಗೀರುಗಳು ಅದನ್ನು ಸಮಯಕ್ಕೆ ಒರೆಸಲಾರವು. ಎಣ್ಣೆ ತೀರಾ ಜಾರಿದರೆ ಒರೆಸಿದ ಮೇಲೂ ಹಿಡಿತ ಬರುವುದಿಲ್ಲ. 85ಡಬ್ಲ್ಯೂ-140 ಜಿಎಲ್-5 ಗೇರ್‌ಬಾಕ್ಸಿನಲ್ಲಿದ್ದರೆ ಎರಡು ಕಾಯಿಲೆಯೂ ಒಟ್ಟಿಗೆ. ಕರ್ರ್ ಅನ್ನುವ ಸದ್ದು ವೇಗ ಕೂಡದೆಯೇ ಹಲ್ಲುಗಳು ಒಂದಕ್ಕೊಂದು ತಾಗುವುದರದು, ಪ್ರತಿ ಸಲವೂ ಹಲ್ಲಿನ ತುದಿ ಸ್ವಲ್ಪ ಸವೆಯುತ್ತದೆ.

ಇನ್ನೊಂದು ಭಯ, ಗಂಧಕ ಹಿತ್ತಾಳೆಯನ್ನು ತಿನ್ನುತ್ತದೆ ಅನ್ನುವುದು. ಇದು ಎಣ್ಣೆಯಿಂದ ಎಣ್ಣೆಗೆ ಬದಲಾಗುತ್ತದೆ. ಚುರುಕಾದ ಗಂಧಕ ಇದ್ದು ಎಣ್ಣೆ ಚೆನ್ನಾಗಿ ಕಾದರೆ ಹಿತ್ತಾಳೆಯಲ್ಲಿರುವ ತಾಮ್ರ ಕಪ್ಪಾಗಿ ಸವೆಯುವುದು ನಿಜ. ಗಂಧಕ ತಾಮ್ರದ ಮೇಲೆ ಚುರುಕಾಗದಂತೆ ತಯಾರಿಸಿದ ಜಿಎಲ್-5ಗಳೂ ಇವೆ. ಇದನ್ನು ಊಹಿಸಬೇಕಾಗಿಲ್ಲ, ಕಂಪನಿಯ ಮಾಹಿತಿ ಪತ್ರದಲ್ಲಿ ಎಎಸ್‌ಟಿಎಂ ಡಿ130 ತಾಮ್ರಪಟ್ಟಿ ಪರೀಕ್ಷೆಯ ಫಲ ಇರುತ್ತದೆ. 1ಎ, 1ಬಿ ಅಂದರೆ ಬಣ್ಣ ಅಷ್ಟಾಗಿ ಮಾಸಿಲ್ಲ. 2 ಅಂದರೆ ಸಾಧಾರಣ, 3 ಅಂದರೆ ಗಾಢವಾಗಿ ಕಪ್ಪಿಟ್ಟಿದೆ, 4 ಅಂದರೆ ತಿಂದಿದೆ. ಸಿಂಕ್ರೊ ಇರುವ ಗೇರ್‌ಬಾಕ್ಸಿಗೆ 1ಬಿಗಿಂತ ಕೆಟ್ಟ ಫಲದ ಎಣ್ಣೆ ಬೇಡ.

‘ಜಿಎಲ್-5 ಇದ್ದರೆ ಜಿಎಲ್-4 ಅದರೊಳಗೇ ಬಂತು’ ಅನ್ನುವ ಮಾತು ಹಲ್ಲಿನ ರಕ್ಷಣೆಗೆ ಮಾತ್ರ ಒಪ್ಪುತ್ತದೆ. ಸಿಂಕ್ರೊ ಹಿಡಿತದ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ. ಡಬ್ಬಿಯ ಮುಂದೆ ದೊಡ್ಡದಾಗಿ ‘ಇಪಿ 90’ ಅಂತಿದ್ದರೆ ಅಲ್ಲಿಗೆ ನಿಲ್ಲಿಸದೆ ಹಿಂದೆ ತಿರುಗಿಸಿ, ಸಣ್ಣಕ್ಷರದಲ್ಲಿ ಜಿಎಲ್ ಎಷ್ಟು ಅಂತ ಓದಿ. ಬ್ಯಾರಲ್‌ನಿಂದ ಬಿಡಿಯಾಗಿ ಅಳೆದು ಕೊಡುವ ಎಣ್ಣೆಗೆ ಹಿಂದೆ ತಿರುಗಿಸಲು ಏನೂ ಇರುವುದಿಲ್ಲ, ಆದ್ದರಿಂದ ಬೇಡ.

ತಾಮ್ರದ ತಂತಿಯ ಪರೀಕ್ಷೆ

ಮಾಹಿತಿ ಪತ್ರ ಸಿಗದ ಎಣ್ಣೆಯನ್ನು ಹೋಲಿಸಲು ಒಂದು ಸುಲಭ ದಾರಿ ಇದೆ. ಮನೆ ವೈರಿಂಗಿನ ದಪ್ಪ ತಾಮ್ರದ ತಂತಿಯ ಎರಡು ತುಂಡು, ತಲಾ ನಾಲ್ಕು ಅಂಗುಲ. ಪ್ಲಾಸ್ಟಿಕ್ ಸಿಪ್ಪೆ ಸುಲಿದು, ಸುತ್ತಿಗೆಯಿಂದ ಚಪ್ಪಟೆ ಮಾಡಿ, 240 ನಂಬರಿನ ಎಮರಿ ಹಾಳೆಯಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ. ಆಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಗುರುತೇ ಮಾಸಿಹೋದ ಕಲೆಯ ಹಾಗೆ ಕಾಣುತ್ತದೆ, ಇಕ್ಕಳದಲ್ಲಿ ಹಿಡಿಯಿರಿ. ಎರಡು ಗಾಜಿನ ಟೆಸ್ಟ್ ಟ್ಯೂಬಿನಲ್ಲಿ ತಲಾ 30 ಎಂ.ಎಲ್. ಎಣ್ಣೆ, ಒಂದರಲ್ಲಿ ಜಿಎಲ್-4, ಇನ್ನೊಂದರಲ್ಲಿ ಜಿಎಲ್-5, ಅದರೊಳಗೆ ತುಂಡು. ಟ್ಯೂಬನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ 3 ಗಂಟೆ ಬಿಡಿ. ಬಾಯಿ ಗಟ್ಟಿಯಾಗಿ ಮುಚ್ಚಬೇಡಿ, ನೀರಿನ ಹನಿ ಒಳಗೆ ಬೀಳದಷ್ಟು ಹತ್ತಿ ಇಟ್ಟರೆ ಸಾಕು. ಕೆಲಸ ಬಯಲಲ್ಲಿ ನಡೆಯಲಿ, ಪಾತ್ರೆ ಮತ್ತೆ ಅಡುಗೆಗೆ ಹೋಗಬಾರದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು ಇಲ್ಲಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಗೇರ್ ಎಣ್ಣೆಗೆ ಪ್ರಯೋಗಾಲಯದಲ್ಲಿ 121 ಡಿಗ್ರಿಗೆ ಕಾಯಿಸುವುದೂ ಉಂಟು. ಹಾಗಾಗಿ ನಮ್ಮದು ಮೆತ್ತನೆಯ ಪರೀಕ್ಷೆ: ಇಲ್ಲಿ ಪಾಸಾದ ಎಣ್ಣೆ ಒಳ್ಳೆಯದೆಂದು ಸಾಬೀತಾಗುವುದಿಲ್ಲ, ಇಲ್ಲೇ ಫೇಲಾದರೆ ಗೇರ್‌ಬಾಕ್ಸಿಗೆ ಖಂಡಿತ ಬೇಡ. ಈ ಗಾಡಿಗೆ ತಂದ ಜಿಎಲ್-4ರ ತುಂಡು ಹೊರತೆಗೆದಾಗ ತಿಳಿ ಕಿತ್ತಳೆ, ಹೆಚ್ಚುಕಡಿಮೆ ಹೊಸದರ ಬಣ್ಣ. ಹೌಸಿಂಗಿಗೆ ತಂದ ಜಿಎಲ್-5ರ ತುಂಡಿನಲ್ಲಿ ಅಂಚಿನಿಂದ ಒಳಗೆ ಹರಡಿದ ನೇರಳೆ-ಕಂದು ಪಟ್ಟೆ. ಆ ಎಣ್ಣೆಯನ್ನು ದೂರುವ ಕಾರಣವಿಲ್ಲ, ಹೌಸಿಂಗಿನೊಳಗೆ ಅದನ್ನು ಕಾಯುತ್ತಿರುವ ಹಿತ್ತಾಳೆ ರಿಂಗ್ ಇಲ್ಲ.

ಬಿಚ್ಚುವ ಮೊದಲು

ಎಷ್ಟು ಎಣ್ಣೆ ಬೇಕು? ಗೇರ್‌ಬಾಕ್ಸಿಗೆ ಸುಮಾರು 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 0.8, ಮುಂದಿನ ಹೌಸಿಂಗಿಗೆ 2.0, ಹಿಂದಿನದಕ್ಕೆ 1.5. ಮೊದಲೆರಡಕ್ಕೆ ಜಿಎಲ್-4 ಒಟ್ಟು 2.1 ಲೀಟರ್, ಕೊನೆಯೆರಡಕ್ಕೆ ಜಿಎಲ್-5 ಒಟ್ಟು 3.5 ಲೀಟರ್. ಜಿಎಲ್-4 ಮೂರು ಲೀಟರ್ ತನ್ನಿ. ಜಿಎಲ್-5 ಐದು ಲೀಟರಿನ ಡಬ್ಬಿ ತನ್ನಿ, ನೀರು ಸೇರಿದ್ದರೆ ಒಂದು ಸಲ ತೊಳೆಯಲು ಬೇಕಾಗುತ್ತದೆ. ಈ ಅಳತೆ ಖರೀದಿಗೆ ಮಾತ್ರ. ತುಂಬುವಾಗ ಫಿಲ್ಲರ್ (ಎಣ್ಣೆ ತುಂಬುವ) ತೂತಿನ ಕೆಳ ಅಂಚೇ ಅಳತೆ.

ಗೇರ್‌ಬಾಕ್ಸಿಗೆ ಆರಿಸಿದ್ದು 75ಡಬ್ಲ್ಯೂ-90 ಜಿಎಲ್-4. ಬೆಳಗಿನ ಚಳಿಯ ದೂರು ಇಲ್ಲದಿದ್ದರೆ 80ಡಬ್ಲ್ಯೂ-90 ಜಿಎಲ್-4 ಸಾಕಿತ್ತು, ದುಡ್ಡೂ ಉಳಿಯುತ್ತಿತ್ತು. ಟ್ರಾನ್ಸ್‌ಫರ್ ಕೇಸಿಗೆ ಅದೇ ಡಬ್ಬಿಯದು, ಬೇರೆ ತರುವ ಅಗತ್ಯವಿಲ್ಲ. ಹೌಸಿಂಗ್ ಎರಡಕ್ಕೂ ಮಿನರಲ್ 80ಡಬ್ಲ್ಯೂ-90 ಜಿಎಲ್-5. ಇಲ್ಲಿ 140 ಹಾಕಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಬೇಸಿಗೆಯಲ್ಲಿ ಟ್ರೈಲರ್ ಎಳೆದು ಶಿರಾಡಿ ಹತ್ತುವ ಗಾಡಿಗೆ ಅದು ತಕ್ಕದ್ದಿರಬಹುದು. ಸಿಲ್ಕ್ ಬೋರ್ಡಿನ ಸಾಲಲ್ಲಿ ನಿಂತು ನಿಂತು ಹೋಗುವ ಜಿಪ್ಸಿಗೆ ಎಂಜಿನ್ ಶಕ್ತಿ ಎಣ್ಣೆ ಕಲಕಲು ಖರ್ಚಾಗುತ್ತದೆ, ಅಷ್ಟೇ. ಸವೆದ ಹೌಸಿಂಗಿನ ಸದ್ದನ್ನು 140 ಕೊಂಚ ಮುಚ್ಚುತ್ತದೆ ಅನ್ನುವುದು ನಿಜ. ಮುಚ್ಚಿದ ಸದ್ದು ರಿಪೇರಿಯಾದ ಸದ್ದಲ್ಲ.

ಬೇರೆ ಗಾಡಿಯವರು ಈ ಆಯ್ಕೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಮುಂಚಕ್ರ ಎಳೆಯುವ, ಎಂಜಿನ್ ಅಡ್ಡಲಾಗಿ ಕೂತ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇದೆ, ಅದರ ಹಲ್ಲು ಹೈಪಾಯ್ಡ್ ಅಲ್ಲ, ಹೆಲಿಕಲ್. ಅಲ್ಲಿ ಜಿಎಲ್-5ಗೆ ಕೆಲಸವೇ ಇಲ್ಲ. ಹೊಸ ಕಾರುಗಳಲ್ಲಿ 75ಡಬ್ಲ್ಯೂ-80ರಂಥ ತೆಳು ಎಣ್ಣೆ ಕೇಳುವವೂ ಇವೆ; ಅದಕ್ಕೆ 90 ಹಾಕಿದರೆ ಗೇರ್ ಬಿಗಿಯಾಗುತ್ತದೆ. ಲಿಮಿಟೆಡ್ ಸ್ಲಿಪ್ ಹೌಸಿಂಗಿಗೆ ಅದಕ್ಕೆಂದೇ ಬೆರೆಸಿದ ಎಣ್ಣೆ ಬೇಕು. ಸಿವಿಟಿ, ಆಟೊಮ್ಯಾಟಿಕ್ ಗಾಡಿಗಳಿಗೆ ಈ ಲೇಖನದ ಯಾವ ಎಣ್ಣೆಯೂ ಸಲ್ಲದು.

ಸಾಮಾನು: ಬೋಲ್ಟಿಗೆ ಸರಿಯಾಗಿ ಕೂರುವ ಸಾಕೆಟ್ (ಕೆಲವು ಬೋಲ್ಟಿಗೆ ಹೊರತಲೆ, ಕೆಲವಕ್ಕೆ ಒಳಗೆ ಚೌಕದ ಗುಳಿ, ಮೊದಲೇ ಮಲಗಿ ನೋಡಿಕೊಳ್ಳಿ), ಉದ್ದ ಹಿಡಿಯ ಪಾನಾ, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಮೂರು ಲೀಟರ್ ಹಿಡಿಯುವ ಟ್ರೇ, ಮೀಟರ್ ಉದ್ದದ ಪಾರದರ್ಶಕ ಪೈಪ್ ಸಿಕ್ಕಿಸಿದ ಕೈಪಂಪು ಅಥವಾ ದೊಡ್ಡ ಸಿರಿಂಜು, ಬನಿಯನ್ ವೇಸ್ಟ್, ಥ್ರೆಡ್ ಸೀಲೆಂಟ್, ಹೊಸ ವಾಷರ್, ಒಂದು ಮ್ಯಾಗ್ನೆಟ್. ಇವೆಲ್ಲ ಜೆ.ಸಿ. ರಸ್ತೆ, ಎಸ್‌ಜೆಪಿ ರಸ್ತೆಯ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಬಿಚ್ಚಿದ್ದು, ಒಳಗೆ ಕಂಡದ್ದು

ಮೊದಲ ನಿಯಮ: ಎಣ್ಣೆ ಇಳಿಸುವ ಡ್ರೇನ್ ಬೋಲ್ಟ್ ಮುಟ್ಟುವ ಮುಂಚೆ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಬೇಕು. ವರ್ಷಗಟ್ಟಲೆ ಮುಟ್ಟದ ಫಿಲ್ಲರ್ ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ಎಣ್ಣೆಯೆಲ್ಲ ಇಳಿಸಿ ಆಮೇಲೆ ಫಿಲ್ಲರ್ ಬಿಚ್ಚಲಾಗದಿದ್ದರೆ ಗಾಡಿ ಇದ್ದಲ್ಲಿಂದ ಅಲುಗುವುದಿಲ್ಲ. ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಕೆರೆದು, ಸ್ಪ್ರೇ ಹೊಡೆದು ಹಿಂದಿನ ರಾತ್ರಿಯೇ ಬಿಟ್ಟರೆ ಬೆಳಿಗ್ಗೆ ಸುಲಭ. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಕವಚ ಅಲ್ಯೂಮಿನಿಯಂ. ಅಲ್ಲಿ ಪಾನಾದ ಹಿಡಿಗೆ ಪೈಪು ಹಾಕಿ ಎಳೆದರೆ ಬೋಲ್ಟಿನ ಜೊತೆ ಥ್ರೆಡ್ ಕೂಡ ಕಿತ್ತು ಬರುತ್ತದೆ.

ಎರಡನೆಯದು ನೀರಿನ ಪರೀಕ್ಷೆ, ಅದು ಗಾಡಿ ತಣ್ಣಗಿರುವಾಗಲೇ ಆಗಬೇಕು. ರಾತ್ರಿಯೆಲ್ಲ ನಿಂತ ಹೌಸಿಂಗಿನಲ್ಲಿ ಎಣ್ಣೆಗೆ ಬೆರೆಯದ ನೀರು ಅಡಿಗೆ ಇಳಿದಿರುತ್ತದೆ. ಡ್ರೇನ್ ಬೋಲ್ಟನ್ನು ಪೂರ್ತಿ ತೆಗೆಯದೆ ಹನಿ ಬರುವಷ್ಟು ಸಡಿಲಿಸಿ, ಗಾಜಿನ ಲೋಟ ಹಿಡಿಯಿರಿ. ಹಿಂದಿನ ಹೌಸಿಂಗಿನಿಂದ ಮೊದಲು ಬಂದದ್ದು ನಾಲ್ಕೈದು ಚಮಚ ತುಕ್ಕುಬಣ್ಣದ ನೀರು, ಅದರ ಹಿಂದೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಎಣ್ಣೆ. ಮುಂದಿನದರಲ್ಲಿ ನೀರಿಲ್ಲ.

ನೀರು ಎಲ್ಲಿಂದ ಬಂತು? ಮಳೆಗಾಲದಲ್ಲಿ ತುಂಬಿದ ಅಂಡರ್‌ಪಾಸ್, 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ನಿಂತಂಥ ನೀರು, ಇಷ್ಟೇ ಸಾಕು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡಲು ಇಟ್ಟ ಬ್ರೀದರ್‌ನಿಂದಲೋ ಸೀಲಿನ ಅಂಚಿನಿಂದಲೋ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಚ್ಚಿನ ಮಟ್ಟಕ್ಕೆ ನೀರಲ್ಲಿ ಹಾದ ಗಾಡಿಯ ಹೌಸಿಂಗ್ ಎಣ್ಣೆಯನ್ನು ಆ ವಾರವೇ ನೋಡಬೇಕು. ನೀರು ಸೇರಿದ ಎಣ್ಣೆಯಲ್ಲಿ ಬೇರಿಂಗ್ ರೋಲರುಗಳ ಮೈಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ, ಒಂದು ಸಲ ಬಿದ್ದರೆ ಯಾವ ಎಣ್ಣೆಯೂ ಅದನ್ನು ಅಳಿಸದು.

ಬೋಲ್ಟ್ ಮತ್ತೆ ಬಿಗಿದು, 8-10 ಕಿ.ಮೀ. ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನಾಲ್ಕನ್ನೂ ಇಳಿಸಿದ್ದು. ಬೆಚ್ಚಗಿದ್ದರೆ ಅಡಿಯ ಮಡ್ಡಿ ಎಣ್ಣೆಯ ಜೊತೆಗೇ ಹೊರಬರುತ್ತದೆ. ಪ್ರತಿಯೊಂದಕ್ಕೂ ಅರ್ಧ ಗಂಟೆ ಸೋರಲು ಬಿಡಿ. ಜಿಪ್ಸಿಯ ಅಡಿ ಎತ್ತರವಿರುವುದರಿಂದ ಜಾಕ್ ಇಲ್ಲದೆ ಕೆಲಸ ನಡೆಯುತ್ತದೆ. ಎತ್ತಲೇಬೇಕಾದರೆ ಜಾಕಿನ ಮೇಲಷ್ಟೇ ನಂಬಿಕೆ ಇಟ್ಟು ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ, ನಾಲ್ಕೂ ಕಡೆ ಎತ್ತಿ ಮಟ್ಟ ಸಮ ಮಾಡಿ.

ಗೇರ್‌ಬಾಕ್ಸಿನಿಂದ ಇಳಿದ ಎಣ್ಣೆ ಬೆಚ್ಚಗಿದ್ದಾಗಲೂ ದಾರದಂತೆ ಎಳೆಯುತ್ತಿತ್ತು, ಗಂಧಕದ ವಾಸನೆ ಗಾಢ. ಹಿಂದಿನ ಸರ್ವಿಸಿನ ಬಿಲ್ಲಿನಲ್ಲಿ ಇದ್ದದ್ದು 85ಡಬ್ಲ್ಯೂ-140 ಜಿಎಲ್-5, ನಾಲ್ಕಕ್ಕೂ ಅದೇ. ಬೆರಳಲ್ಲಿ ಎಣ್ಣೆ ತೆಗೆದು ಬಿಸಿಲಿಗೆ ಹಿಡಿದಾಗ ಹಳದಿ ಮಿನುಗು ಕಾಣಿಸಿತು. ಮ್ಯಾಗ್ನೆಟ್ಟಿಗೆ ಅಂಟದೆ ಉಳಿಯುವ ಆ ಹಳದಿ ಪುಡಿ ಸಿಂಕ್ರೊ ರಿಂಗಿನದು. ಸ್ವಲ್ಪ ಇದ್ದರೆ ವಯಸ್ಸಿನ ಸವೆತ. ಎಣ್ಣೆಯೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿದ್ದರೆ ರಿಂಗ್ ಮುಗಿಯುತ್ತಾ ಬಂದಿದೆ. ಮ್ಯಾಗ್ನೆಟ್ಟಿಗೆ ಮೆತ್ತುವ ಬೂದು ಬಣ್ಣದ ನುಣ್ಣನೆ ಕೆಸರು ಎಲ್ಲ ಗೇರ್‌ಬಾಕ್ಸಿನಲ್ಲೂ ಇರುವುದೇ, ಹೆದರಬೇಕಿಲ್ಲ. ಉಗುರಿಗೆ ಚುಚ್ಚುವ ಚೂರು, ಒಂದು ಬದಿ ಹೊಳೆಯುವ ಚಕ್ಕೆ ಸಿಕ್ಕರೆ ಮಾತ್ರ ಎಣ್ಣೆ ತುಂಬದೆ ನಿಲ್ಲಿಸಿ. ಅದು ಹಲ್ಲಿನ ತುಂಡು ಅಥವಾ ಬೇರಿಂಗಿನ ಸಿಪ್ಪೆ. ಇಲ್ಲಿ ಹಳದಿ ಮಿನುಗು ಕಡಿಮೆ, ಚೂರು ಇಲ್ಲ. ಕೆಲಸ ಮುಂದುವರಿಯಿತು.

ನೀರು ಕುಡಿದ ಹೌಸಿಂಗ್

ನೀರು ಬೆರೆತ ಎಣ್ಣೆ ಒಂದೇ ಸಲಕ್ಕೆ ಹೋಗುವುದಿಲ್ಲ, ಆಕ್ಸಲ್ ಕೊಳವೆಗಳ ಒಳಗೆ ಹರಡಿ ಉಳಿಯುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ತೊಳೆಯುವ ರೂಢಿ ಬೇಡ. ಅದು ಕೊಳವೆಯಲ್ಲಿ ಉಳಿದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ, ಪಿನಿಯನ್ ಬೇರಿಂಗನ್ನು ಒಣಗಿಸುತ್ತದೆ. ತೊಳೆಯಲು ಅದೇ 80ಡಬ್ಲ್ಯೂ-90 ಜಿಎಲ್-5 ಒಂದೂವರೆ ಲೀಟರ್ ತುಂಬಿ, ಭಾರವಿಲ್ಲದೆ 15-20 ಕಿ.ಮೀ. ನಿಧಾನಕ್ಕೆ ಓಡಿಸಿ, ಬಿಸಿಯಿರುವಾಗಲೇ ಇಳಿಸಿ. ಇಳಿದದ್ದು ಇನ್ನೂ ಮಬ್ಬಾಗಿದ್ದರೆ ಇನ್ನೊಮ್ಮೆ. ಇಲ್ಲಿ ಒಂದೇ ಸಲ ಸಾಕಾಯಿತು.

ಆಮೇಲೆ ಬ್ರೀದರ್. ಹೌಸಿಂಗಿನ ಮೇಲಿನ ಆ ಪುಟ್ಟ ಮುಚ್ಚಳ ಮಣ್ಣಿನಿಂದ ಪೂರ್ತಿ ಕಟ್ಟಿಕೊಂಡಿತ್ತು. ಎಡ ಹಿಂಚಕ್ರದ ಜಿಡ್ಡಿಗೆ ಮೂಲ ಇದೇ: ಬಿಸಿಯಾದಾಗ ಉಬ್ಬಿದ ಗಾಳಿಗೆ ದಾರಿಯಿಲ್ಲದೆ ಎಣ್ಣೆಯನ್ನು ಆಕ್ಸಲ್ ಸೀಲಿನಿಂದಾಚೆ ತಳ್ಳಿದೆ, ಅದು ಬ್ರೇಕ್ ಡ್ರಮ್ಮಿನೊಳಗೆ ಇಳಿದಿದೆ. ಬ್ರೀದರ್ ಬಿಚ್ಚಿ ತೊಳೆದು, ಅದರ ಮೂತಿಗೆ ಬಿಗಿಯಾಗಿ ಕೂರುವ, ಎಣ್ಣೆಗೆ ಕರಗದ ರಬ್ಬರ್ ಹೋಸ್ ಸಿಕ್ಕಿಸಿ, ಚಾಸಿಯ ಮೇಲ್ಭಾಗಕ್ಕೆ ಒಯ್ದು ಬಾಯಿ ಕೆಳಮುಖವಾಗಿ ಕಟ್ಟಿದೆವು. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಹೋಸ್ ಜಗ್ಗದಷ್ಟು ಸಡಿಲು ಬಿಡಬೇಕು, ಸೈಲೆನ್ಸರ್ ಹತ್ತಿರ ಸುಳಿಯಬಾರದು.

ಡ್ರಮ್ ತೆಗೆದಾಗ ಬ್ರೇಕ್ ಶೂ ಎಣ್ಣೆ ಕುಡಿದಿತ್ತು. ಎಣ್ಣೆ ಹೀರಿದ ಲೈನಿಂಗನ್ನು ಎಮರಿ ಉಜ್ಜಿ, ಬೆಂಕಿ ತೋರಿಸಿ ಮತ್ತೆ ಹಾಕುವುದು ಅಪಾಯ. ಬಿಸಿಯಾದಾಗ ಒಳಗಿನ ಎಣ್ಣೆ ಮೇಲೆ ಬಂದು ಒಂದು ಚಕ್ರದ ಬ್ರೇಕ್ ಮಾತ್ರ ಜಾರುತ್ತದೆ. ಎರಡೂ ಬದಿಗೆ ಹೊಸ ಶೂ, ಎಡಕ್ಕೆ ಹೊಸ ಸೀಲ್. ಸೀಲ್ ಬದಲಿಸಲು ಆಕ್ಸಲ್ ಶಾಫ್ಟ್ ಹೊರಗೆಳೆಯಬೇಕು, ಶಾಫ್ಟಿನ ಮೇಲೆ ಸೀಲ್ ತುಟಿ ಕೂರುವ ಜಾಗದಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಹೊಸ ಸೀಲೂ ಸೋರುತ್ತದೆ.

ಮುಂದಿನ ಆಕ್ಸಲಿನಲ್ಲಿ ಒಂದು ವಿಷಯ ನೆನಪಿಡಿ. ಚಕ್ರದ ಬಳಿಯ ಉರುಟು ನಕಲ್ (ಚಕ್ರ ಎಡ-ಬಲಕ್ಕೆ ಹೊರಳುವ ಕೀಲು) ಒಳಗಿನ ಜಾಯಿಂಟಿಗೆ ಇರಬೇಕಾದ್ದು ಗ್ರೀಸ್. ನಕಲ್ ಹಿಂದಿನ ಸೀಲಿನಿಂದ ತೆಳು ಎಣ್ಣೆಯಂಥದು ಒಸರುತ್ತಿದ್ದರೆ ಒಳಗಿನ ಸೀಲ್ ಹೋಗಿ ಹೌಸಿಂಗಿನ ಎಣ್ಣೆ ಗ್ರೀಸಿಗೆ ಸೇರುತ್ತಿದೆ ಎಂದರ್ಥ. ಅದು ಬೇರೆ ದಿನದ ಕೆಲಸ, ಆದರೆ ಮಟ್ಟ ಇಳಿದಿರುವ ಕಾರಣ ಅಲ್ಲೇ ಗೊತ್ತಾಗುತ್ತದೆ.

ತುಂಬಿದ್ದು

ಡ್ರೇನ್ ಬೋಲ್ಟಿನ ಥ್ರೆಡ್ ಒರೆಸಿ, ವಾಷರ್ ಇದ್ದ ಕಡೆ ಹೊಸ ವಾಷರ್, ವಾಷರ್ ಇಲ್ಲದ ಕಡೆ ತೆಳುವಾಗಿ ಸೀಲೆಂಟ್. ಟೆಫ್ಲಾನ್ ಟೇಪಿನ ಎಳೆ ಒಳಗೆ ಬಿದ್ದರೆ ಎಣ್ಣೆಯ ದಾರಿಗೆ ಅಡ್ಡ, ಆದ್ದರಿಂದ ಅದು ಬೇಡ. ಜಿಎಲ್-5 ಮುಟ್ಟಿದ ಪಂಪಿನಲ್ಲಿ ಜಿಎಲ್-4 ಹಾಕದಿರಲು ಮೊದಲು ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಮುಗಿಸಿ, ಆಮೇಲೆ ಹೌಸಿಂಗ್.

ಫಿಲ್ಲರ್ ತೂತಿನಿಂದ ಎಣ್ಣೆ ಹೊರಬರತೊಡಗಿದರೆ ಪಂಪ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಹೌಸಿಂಗಿನಲ್ಲಿ ಎಣ್ಣೆ ಆಕ್ಸಲ್ ಕೊಳವೆಗೆ ಹರಡಲು ಸಮಯ ಬೇಕು, ಎರಡನೇ ಸಲ 100-200 ಎಂ.ಎಲ್. ಹಿಡಿಯುವುದು ಸಾಮಾನ್ಯ. ತೂತಿನ ಕೆಳ ಅಂಚಿಗೆ ಎಣ್ಣೆ ಸಮವಾಗಿ ನಿಂತು ಹನಿಯುವುದು ನಿಂತಾಗ ಮಟ್ಟ ಸರಿ. ‘ಇನ್ನೊಂದಿಷ್ಟಿರಲಿ’ ಅಂತ ಗಾಡಿಯನ್ನು ಓರೆ ಮಾಡಿ ಹೆಚ್ಚು ತುಂಬಿದರೆ ಆ ಹೆಚ್ಚಿನ ಎಣ್ಣೆ ಮತ್ತೆ ಬ್ರೇಕ್ ಡ್ರಮ್ಮಿಗೇ ಬರುತ್ತದೆ.

ಓಡಿಸಿ ನೋಡಿದ ಮೇಲೆ

ಬೆಳಗಿನ ಎರಡನೇ ಗೇರ್ ಒತ್ತಡವಿಲ್ಲದೆ ಬೀಳುತ್ತಿದೆ. ಅವಸರದಲ್ಲಿ ಮೂರರಿಂದ ಎರಡಕ್ಕೆ ಇಳಿಸಿದರೆ ಮಾತ್ರ ಸಣ್ಣ ತಡೆ ಇನ್ನೂ ಇದೆ. ರಿಂಗಿನ ಮೈ ಒಂದಿಷ್ಟು ಸವೆದಿದೆ, ಅದನ್ನು ಎಣ್ಣೆ ತುಂಬಿ ಕೊಡಲಾರದು. ಹಳೆ ಎಣ್ಣೆಯ ಪಸೆ ಒಳಗೆ ಉಳಿದಿರುವುದರಿಂದ ಮುಂದಿನ ಸಲ ಬದಲಿಸಿದ ಮೇಲೆ ಇನ್ನೊಂದಿಷ್ಟು ಸುಧಾರಿಸಬಹುದು.

ಹಿಂದಿನ ಊಳು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇದನ್ನು ಪತ್ತೆ ಮಾಡುವ ಕ್ರಮ ಹೀಗೆ. ನೈಸ್ ರಸ್ತೆಯಂಥ ಸಮ ರಸ್ತೆಯಲ್ಲಿ ಸದ್ದು ಬರುವ ವೇಗ ಹಿಡಿದು ಆಕ್ಸಿಲರೇಟರ್ ಒತ್ತಿ, ಬಿಡಿ. ಒತ್ತಿದಾಗ ಮಾತ್ರ ಬಂದರೆ ಹಲ್ಲಿನ ಎಳೆಯುವ ಬದಿ, ಬಿಟ್ಟಾಗ ಮಾತ್ರ ಬಂದರೆ ತಡೆಯುವ ಬದಿ, ಎರಡಕ್ಕೂ ಬದಲಾಗದೆ ಗಾಡಿ ತಿರುಗಿಸಿದಾಗ ಬದಲಾದರೆ ಚಕ್ರದ ಬೇರಿಂಗ್. ಇಲ್ಲಿ ಬಿಟ್ಟಾಗ ಬರುತ್ತಿದೆ. ಪಿನಿಯನ್ ಬೇರಿಂಗಿನ ಬಿಗಿ ಸಡಿಲಾಗಿದೆಯೇ ಅಂತ ನೋಡಲು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಅದು ಪಿನಿಯನ್ನಿಗೆ ಸೇರುವ ಫ್ಲಾಂಜನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಬೇಕು. ಆಟ ಕೈಗೆ ತಿಳಿದರೆ ಹೌಸಿಂಗ್ ಬಿಚ್ಚುವುದೇ. ಇನ್ನೂ ಮಂದದ ಎಣ್ಣೆ ಹಾಕಿ ಅದನ್ನು ಮುಂದೂಡಿದರೆ ಬೇರಿಂಗಿನ ಖರ್ಚಿಗೆ ಕ್ರೌನ್-ಪಿನಿಯನ್ನಿನ ಖರ್ಚೂ ಸೇರುತ್ತದೆ.

ಇಳಿಸಿದ ಹಳೆ ಎಣ್ಣೆ, ತೊಳೆದ ಎಣ್ಣೆ ಸೇರಿ ಸುಮಾರು ಏಳು ಲೀಟರ್. ಅದನ್ನು ಖಾಲಿ ಡಬ್ಬಿಗೆ ತುಂಬಿ, ಹಳೆ ಎಣ್ಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಕರಣೆಗಾರರಿಗೆ ಕೊಡುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ನೀರು ಬೆರೆತದ್ದು ಬೇರೆ ಡಬ್ಬಿಯಲ್ಲಿರಲಿ. ಚರಂಡಿಗೆ ಸುರಿದದ್ದು ರಾಜಕಾಲುವೆ ಹಿಡಿದು ಬೆಳ್ಳಂದೂರಿಗೋ ವೃಷಭಾವತಿಗೋ ಹೋಗುತ್ತದೆ.

ಮೊದಲ 1,000 ಕಿ.ಮೀ. ಆದಮೇಲೆ ಹಿಂದಿನ ಹೌಸಿಂಗಿನ ಫಿಲ್ಲರ್ ತೆಗೆದು ಎಣ್ಣೆಯ ಬಣ್ಣ ನೋಡಬೇಕು. ತಿಳಿಯಾಗಿದ್ದರೆ ಬಿಡಿ. ಮಬ್ಬಾಗಿದ್ದರೆ ಪಿನಿಯನ್ ಸೀಲ್ ಮತ್ತು ಬಲಗಡೆಯ ಆಕ್ಸಲ್ ಸೀಲ್ ಬದಲಿಸಿ ಮತ್ತೆ ತೊಳೆಯಿರಿ. ಆಮೇಲೆ ನಾಲ್ಕಕ್ಕೂ 40,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ಮುಂದೆ ಗಾಡಿ ಯಾರ ಕೈಗೆ ಹೋದರೂ ತಿಳಿಯಲಿ ಅಂತ ಬಾನೆಟ್ ಒಳಗೆ ಬಣ್ಣದಲ್ಲಿ ಬರೆದಿದ್ದು ಇಷ್ಟು: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ 75ಡಬ್ಲ್ಯೂ-90 ಜಿಎಲ್-4, ಹೌಸಿಂಗ್ ಎರಡೂ 80ಡಬ್ಲ್ಯೂ-90 ಜಿಎಲ್-5, ಕೆಳಗೆ ತಿಂಗಳು ಮತ್ತು ಓಡಿದ ಕಿಲೋಮೀಟರ್.